ಗೋಡೆ ಒಡೆಯದೆ ಚೌಕಟ್ಟಿನ ಕಾಲು ಬದಲಿಸಿದ ಒಂದು ಪ್ರಕರಣ

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ 1980ರ ದಶಕದ ಆರಂಭದಲ್ಲಿ ಕಟ್ಟಿದ ಮನೆ. ನೆಲಮಹಡಿಯ ಬಚ್ಚಲುಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಚಿಲಕ ಕೂರುತ್ತಿರಲಿಲ್ಲ. ದೂರು ಇಷ್ಟೇ. ಮನೆಯಲ್ಲಿರುವವರು ಮಂಡಿನೋವಿನ ಒಬ್ಬ ಹಿರಿಯ ಮಹಿಳೆ ಮತ್ತು ಅವರ ಮಗಳ ಸಂಸಾರ. ಯಾರ ಗುರುತೂ ಸಿಗುವಂಥ ವಿವರ ಇಲ್ಲಿಲ್ಲ. ಕೆಲಸದ ಅಳತೆ, ಸಾಮಾನು, ಕ್ರಮ ಮಾತ್ರ ಇದೆ, ಏಕೆಂದರೆ ಇದೇ ಸ್ಥಿತಿಯ ಚೌಕಟ್ಟುಗಳು ಈ ಊರಿನ ಆ ಕಾಲದ ಮನೆಗಳಲ್ಲಿ ಬೇಕಾದಷ್ಟಿವೆ.

ಚೌಕಟ್ಟು ಹೊನ್ನೆ ಮರದ್ದು, 4 ಇಂಚು × 3 ಇಂಚು. ಗೋಡೆ ನಾಲ್ಕೂವರೆ ಇಂಚಿನ ಇಟ್ಟಿಗೆಯದು. ಪ್ರತಿ ಕಾಲಿಗೆ ಮೂರು ಹೋಲ್ಡ್‌ಫಾಸ್ಟ್, ಅಂದರೆ ಚೌಕಟ್ಟಿನ ಬೆನ್ನಿಗೆ ಸ್ಕ್ರೂ ಹಾಕಿ ಇನ್ನೊಂದು ತುದಿಯನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹುದುಗಿಸಿದ ಕಬ್ಬಿಣದ ಪಟ್ಟಿ. ಮೊದಲು ಮೊಸಾಯಿಕ್ ನೆಲವಿತ್ತು. ನಂತರದ ಯಾವುದೋ ರಿಪೇರಿಯಲ್ಲಿ ಅದನ್ನು ಕೀಳದೆ ಅದರ ಮೇಲೆಯೇ ಗಾರೆ ಹಾಸಿ ಸೆರಾಮಿಕ್ ಟೈಲ್ಸ್ ಕೂರಿಸಿದ್ದರು. ನೆಲ ಒಂದೂವರೆ ಇಂಚು ಮೇಲೆದ್ದಿತು. ಚೌಕಟ್ಟಿನ ಕಾಲು ಮಾತ್ರ ಹಳೆಯ ನೆಲದ ಮೇಲೆಯೇ ಉಳಿಯಿತು, ಸುತ್ತಲೂ ಟೈಲ್ಸ್ ಎದ್ದು ನಿಂತಿತು. ಹೀಗಾದಾಗ ಮರದ ಪಾದ ಒಂದು ಗುಳಿಯೊಳಗೆ ಸಿಕ್ಕಿಕೊಂಡಂತೆ. ಅಲ್ಲಿಗಿಳಿದ ನೀರಿಗೆ ಹೊರಬರುವ ದಾರಿಯಿಲ್ಲ, ಅಡ್ಡ ಕೊಯ್ದ ಮರದ ಬಾಯಿ ಅದನ್ನು ಮೇಲಕ್ಕೆ ಹೀರುತ್ತಲೇ ಇರುತ್ತದೆ.

ಎಂಟು ತಿಂಗಳ ಹಿಂದೆ ಒಬ್ಬರು ಕೊಳೆತ ಭಾಗವನ್ನು ಕೆರೆದು ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಪುಟ್ಟಿ ಹಾಳಾಗಿರಲಿಲ್ಲ, ಅದು ಹಿಡಿದುಕೊಂಡಿದ್ದ ಮರ ಇನ್ನಷ್ಟು ಲಡ್ಡಾಗಿ ಇಡೀ ಗಟ್ಟಿಯೇ ಕಳಚಿ ಬಂದಿತ್ತು. ಆಮೇಲೆ ಬಂದವರು ಉಳಿ, ಸುತ್ತಿಗೆ ಹಿಡಿದು ಕಾಲಿನ ಬುಡ ಬಿಡಿಸಲು ಹೋದರು. ಗೋಡೆಯ ಟೈಲ್ಸ್ ಚೌಕಟ್ಟಿನ ಅಂಚಿಗೇ ಅಂಟಿಕೊಂಡಿದ್ದರಿಂದ ನಾಲ್ಕೈದು ಪೆಟ್ಟಿಗೆ ಒಂದು ಟೈಲ್ಸ್ ಸೀಳಿತು, ಕೆಲಸ ನಿಂತಿತು.

ಮುಂದಿದ್ದ ದಾರಿಗಳು ಮೂರು. ಇಡೀ ಚೌಕಟ್ಟು ತೆಗೆದು ಹೊಸದು ಕೂರಿಸುವುದು. ಕಿತ್ತು ಗ್ರಾನೈಟ್ ಚೌಕಟ್ಟು ಹಾಕುವುದು. ಕೊಳೆತಷ್ಟನ್ನೇ ಕೊಯ್ದು ಹೊಸ ತುಂಡು ಕೂಡಿಸುವುದು. ಮೊದಲೆರಡಕ್ಕೂ ಎರಡೂ ಬದಿಯ ಗೋಡೆ ಒಡೆಯಬೇಕು. ಆ ವಿನ್ಯಾಸದ ಟೈಲ್ಸ್ ಈಗ ಸಿಗುವುದಿಲ್ಲ, ಆ ಬಚ್ಚಲುಮನೆ ಬಿಟ್ಟರೆ ಹಿರಿಯರಿಗೆ ಮೆಟ್ಟಿಲು ಹತ್ತದೆ ಬೇರೆ ದಾರಿಯಿಲ್ಲ. ಮನೆಯವರು ಮೂರನೆಯ ಬಡಗಿಗೆ ಹೇಳಿದ್ದು, "ಆಚಾರ್ರೇ, ಗೋಡೆ ಮುಟ್ಟದೆ ಆಗುತ್ತೆ ಅಂದ್ರೆ ಮಾಡಿ. ಇನ್ನೊಂದು ಟೈಲ್ಸ್ ಒಡೆದ್ರೆ ಅದೇ ಥರದ್ದು ಎಲ್ಲಿಂದ ತರೋದು?" ಅವರ ಉತ್ತರ: "ಆಗುತ್ತಮ್ಮ. ಆದ್ರೆ ಕೊಯ್ದ ದಿನಾನೇ ಹೊಸ ಮರ ಕೂರಿಸಲ್ಲ. ಒಣಗೋಕೆ ಬಿಡ್ಬೇಕು." ಈ ಒಂದು ಷರತ್ತನ್ನು ಮನೆಯವರು ಒಪ್ಪಿದ್ದೇ ಮುಂದಿನ ಕೆಲಸಕ್ಕೆ ಬುನಾದಿಯಾಯಿತು.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಳಸಿದ್ದು 300 ವ್ಯಾಟಿನ, ವೈರಿನ ಆಸಿಲೇಟಿಂಗ್ ಮಲ್ಟಿ-ಟೂಲ್. ಇದರ ಬ್ಲೇಡು ಸುತ್ತುವುದಿಲ್ಲ. ಸುಮಾರು 3 ಡಿಗ್ರಿಯಷ್ಟು ಕಿರಿದಾದ ಕೋನದಲ್ಲಿ ಎಡ-ಬಲ ಅದುರುತ್ತದೆ, ನಿಮಿಷಕ್ಕೆ 20,000 ಸಲದವರೆಗೆ. ಜರ್ಮನಿಯ ಫೈನ್ ಕಂಪನಿ 1967ರಲ್ಲಿ ಈ ತತ್ವದ ಯಂತ್ರ ತಂದದ್ದು ಮೂಳೆ ಮುರಿದವರಿಗೆ ಕಟ್ಟಿದ ಪ್ಲಾಸ್ಟರ್ ಕತ್ತರಿಸಲು. ಗಟ್ಟಿ ಪ್ಲಾಸ್ಟರ್ ಅಲುಗದೆ ನಿಂತು ಕೊಯ್ಯಿಸಿಕೊಳ್ಳುತ್ತದೆ, ಕೆಳಗಿನ ಮೆತ್ತನೆಯ ಚರ್ಮ ಬ್ಲೇಡಿನ ಜೊತೆಗೇ ಅಲುಗಿ ಪಾರಾಗುತ್ತದೆ. (ಮರ ಕೊಯ್ಯುವ ಹಲ್ಲಿನ ಬ್ಲೇಡು ಚರ್ಮವನ್ನೂ ಸೀಳುತ್ತದೆ, ಬೆರಳು ಹತ್ತಿರ ಒಯ್ಯಬಾರದು.)

ಈ ಸಂಗತಿ ಬಡಗಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒದ್ದೆಯಾಗಿ ಕೊಳೆತ ಮರವೂ ಮೆತ್ತಗೆ, ಅದೂ ಬ್ಲೇಡಿನ ಜೊತೆ ಅಲುಗುತ್ತದೆ. ಅಲ್ಲಿ ಕೊಯ್ತ ಸಾಗುವುದಿಲ್ಲ, ನಾರು ನಾರಾಗಿ ಕಿತ್ತುಬರುತ್ತದೆ, ಹಲ್ಲಿನ ಸಂದಿಗೆ ಕಂದು ಮುದ್ದೆ ಮೆತ್ತಿಕೊಳ್ಳುತ್ತದೆ. ಗಟ್ಟಿ ಮರ ಸಿಕ್ಕಕೂಡಲೇ ಸದ್ದು ತೆಳ್ಳಗಾಗಿ ಒಣ ಹಿಟ್ಟು ಉದುರತೊಡಗುತ್ತದೆ. ಆದ್ದರಿಂದ ಗೆರೆ ಹಾಕಬೇಕಾದ್ದು ಕೊಳೆತು ಮುಗಿಯುವ ಕಡೆಯಲ್ಲ, ಅದರ ಮೇಲಿನ ಗಟ್ಟಿ ಮರದಲ್ಲಿ.

ಇನ್ನೊಂದು ಮಾತು. ಇದು ನಿಧಾನದ ಯಂತ್ರ. ಕೈಗರಗಸ ಆಡಲು ಜಾಗವಿದ್ದ ಕಡೆ ಗರಗಸವೇ ಬೇಗ, ಕೊಯ್ತವೂ ನೇರ. ಗೋಡೆಗೆ ಒತ್ತಿದ ಮೂಲೆ, ಟೈಲ್ಸಿಗೆ ತಾಗಿದ ಬುಡ, ಮರದ ನಡುವಿನಿಂದ ಶುರುವಾಗಬೇಕಾದ ಕೊಯ್ತ, ಇಂಥ ಕಡೆ ಮಾತ್ರ ಇದಕ್ಕೆ ಸಾಟಿಯಿಲ್ಲ. ಎಲ್ಲವನ್ನೂ ಇದರಲ್ಲೇ ಕೊಯ್ಯಲು ಹೋದವರು ಬ್ಲೇಡು ಸುಟ್ಟುಕೊಂಡು ಯಂತ್ರವನ್ನು ಬೈಯುತ್ತಾರೆ.

ಬಲಗಾಲು

ನಲ್ಲಿ, ಬಕೆಟ್ಟು ಇರುವ ಬದಿ ಇದು. ಬಾಗಿಲಿನ ಕೀಲುಗಳೂ ಇದೇ ಕಾಲಿಗೆ. ಬಣ್ಣ ನೋಡಿದರೆ ಚೆನ್ನಾಗೇ ಇತ್ತು. ಬಡಗಿ ದಬ್ಬಳ ತೆಗೆದುಕೊಂಡು ಬುಡದಿಂದ ಒಂದೊಂದು ಇಂಚಿಗೆ, ಮೂರು ಮುಖಗಳಲ್ಲೂ ಚುಚ್ಚುತ್ತ ಹೋದರು. ಬುಡದಲ್ಲಿ ದಬ್ಬಳ ಒಂದಿಂಚು ಸಲೀಸಾಗಿ ಇಳಿಯಿತು. 11 ಇಂಚಿನ ಎತ್ತರದ ಮೇಲೆ ಅದು ಒಂದೆರಡು ಮಿಲಿಮೀಟರಿಗೇ ನಿಂತಿತು. ಗೆದ್ದಲಿನ ಮಣ್ಣುಗೂಡು ಎಲ್ಲೂ ಇರಲಿಲ್ಲ, ನೀರಿನಿಂದಾದ ಕೊಳೆತವೇ. 4 ಇಂಚು ಬಿಟ್ಟು 15 ಇಂಚಿಗೆ ಗೆರೆ ಹಾಕಿದರು.

ಕೊಯ್ಯುವ ಮುಂಚೆ ಮಾಡಿದ ಕೆಲಸಗಳನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಗೀಸರಿನ ವೈರು ಮತ್ತು ನೀರಿನ ಪೈಪು ಗೋಡೆಯೊಳಗೆ ಎಲ್ಲಿ ಇಳಿದಿವೆ ಎಂದು ನೋಡಿ ಗೀಸರಿನ ಎಂಸಿಬಿ, ಅಂದರೆ ಅದರ ಸರ್ಕಿಟ್ಟಿನ ಸ್ವಿಚ್ಚು, ಇಳಿಸಿದರು. ಯಂತ್ರಕ್ಕೆ ಕರೆಂಟು ತೆಗೆದುಕೊಂಡದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿದುಬಿಡುವ ಸ್ವಿಚ್ಚು) ಇರುವ ಸರ್ಕಿಟ್ಟಿನಿಂದ. ಬಚ್ಚಲಿನ ನೆಲದಲ್ಲಿ ಅದಿಲ್ಲದೆ ವೈರಿನ ಯಂತ್ರ ಹಿಡಿಯಬಾರದು. ಬಾಗಿಲು ಕಳಚಿ, ಎರಡು ಕಾಲುಗಳ ನಡುವೆ 20 ಇಂಚು ಎತ್ತರದಲ್ಲಿ ಒಂದು ರೀಪರನ್ನು (ಮರದ ಪಟ್ಟಿ) ಬಿಗಿಯಾಗಿ ಅಡ್ಡ ಕೊಟ್ಟರು. ಮೇಲಿನ ಭಾರವನ್ನು ಲಿಂಟಲ್, ಅಂದರೆ ಬಾಗಿಲ ಮೇಲಿನ ಅಡ್ಡ ತೊಲೆ, ಹೊತ್ತಿರುತ್ತದೆ ನಿಜ, ಆದರೂ ಬುಡ ಕೊಯ್ದ ಕಾಲು ಒಳಕ್ಕೆ ತಿರುಚಿಕೊಳ್ಳುವುದುಂಟು, ಹಾಗಾದರೆ ಬಾಗಿಲು ಮತ್ತೆ ಕೂರುವುದಿಲ್ಲ.

ಹಳೆಯ ಎನಾಮೆಲ್ ಬಣ್ಣವನ್ನು ಒಣಗಿದಂತೆಯೇ ಸ್ಯಾಂಡಿಂಗ್ ಮಾಡಲಿಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿದು ನಡೆಯುವುದು ಒಳ್ಳೆಯದು. ಮನೆಯಲ್ಲಿ ಚಿಕ್ಕ ಮಗುವಿತ್ತು. ನೀರು ಚಿಮುಕಿಸಿ, ಯಂತ್ರಕ್ಕೆ ಸ್ಕ್ರೇಪರ್ ಹಾಕಿ ಕಡಿಮೆ ವೇಗದಲ್ಲಿ ಕೆರೆದು, ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆದರು.

ಕೊಯ್ತದ ಕ್ರಮ ಈ ಪ್ರಕರಣದ ಮುಖ್ಯ ಪಾಠಗಳಲ್ಲೊಂದು. ಸಾಮಾನ್ಯ ಬ್ಲೇಡು ಒಳಗಿಳಿಯುವುದು ಹೆಚ್ಚೆಂದರೆ 2 ಇಂಚು. ಕಾಲಿನ ದಪ್ಪ 3 ಇಂಚು. 15 ಇಂಚಿನ ಗೆರೆಯಲ್ಲೇ ನೇರ ಶುರು ಮಾಡಿದ್ದರೆ ಹಿಂಬದಿಯ ಒಂದಿಂಚು ಸಿಗುತ್ತಲೇ ಇರಲಿಲ್ಲ, ಉಳಿ ಬಡಿದು ಮುರಿಯಬೇಕಾಗುತ್ತಿತ್ತು, ಇನ್ನೊಂದು ಟೈಲ್ಸ್ ಹೋಗುತ್ತಿತ್ತು. ಅದರ ಬದಲು ಕೊನೆಯ ಗೆರೆಗಿಂತ ಸಾಕಷ್ಟು ಕೆಳಗೆ, 9 ಇಂಚಿನ ಎತ್ತರದಲ್ಲಿ ಸುತ್ತಲೂ ಕಚ್ಚು ಹಾಕಿ, ಅದರ ಕೆಳಗಿನ ಕೊಳೆತ ಮರವನ್ನು ತುಂಡು ತುಂಡಾಗಿ ಉಳಿಯಲ್ಲಿ ಒತ್ತಿಯೇ ತೆಗೆದರು. ಈಗ ಕೆಳಗೆ ಖಾಲಿ ಜಾಗ. ಯಂತ್ರದ ತಲೆಯನ್ನೇ ಆ ಜಾಗಕ್ಕೆ ತೂರಿಸಿ ಕೆಳಗಿನಿಂದಲೂ ಬ್ಲೇಡು ಹೊಗಿಸಲು ಸಾಧ್ಯವಾಯಿತು. ಬ್ಲೇಡನ್ನು ಒಂದೇ ಕಡೆ ಒತ್ತಿ ಹಿಡಿಯದೆ ಸಣ್ಣಗೆ ಎಡಬಲಕ್ಕೆ ತೂಗುತ್ತ, ಆಗಾಗ ಹೊರತೆಗೆದು ಹಿಟ್ಟು ಕೊಡವಬೇಕು. ಹೊನ್ನೆಯಂಥ ಗಟ್ಟಿ ಮರದಲ್ಲಿ ಹಿಟ್ಟು ಒಳಗೇ ಉಳಿದರೆ ಕೊಯ್ತ ಸುಟ್ಟು ಕಪ್ಪಾಗುತ್ತದೆ, ಹಲ್ಲಿನ ತುದಿ ನೀಲಿಗಟ್ಟುತ್ತದೆ. ನೀಲಿಯಾದ ಹಲ್ಲು ಮತ್ತೆ ಕೊಯ್ಯುವುದಿಲ್ಲ.

12 ಇಂಚಿನ ಹತ್ತಿರ ಬೆನ್ನಿನ ಕಡೆ ಇಳಿಸುವಾಗ ಸದ್ದು ಒಮ್ಮೆಗೇ ಕೀರಲಾಯಿತು, ಕಿಡಿ ಹಾರಿತು. ಕೆಳಗಿನ ಹೋಲ್ಡ್‌ಫಾಸ್ಟ್ ಸಿಕ್ಕಿತ್ತು. ಬೈ-ಮೆಟಲ್ ಬ್ಲೇಡು (ಬಾಗುವ ಉಕ್ಕಿನ ಮೈಗೆ ಗಟ್ಟಿ ಉಕ್ಕಿನ ಹಲ್ಲು ಕೂಡಿಸಿದ್ದು) ಮೊಳೆಯನ್ನು ಕೊಯ್ಯುತ್ತದೆ, 5 ಮಿ.ಮೀ. ದಪ್ಪದ ಪಟ್ಟಿಯನ್ನಲ್ಲ, ನಾಲ್ಕೈದು ಸೆಕೆಂಡಿನಲ್ಲಿ ಒಂದು ಬದಿಯ ಹಲ್ಲೆಲ್ಲ ಬೋಳಾದವು. ಬಡಗಿ ಅಲ್ಲಿಗೇ ನಿಲ್ಲಿಸಿದರು. ಹೊಸ ಬೈ-ಮೆಟಲ್ ಬ್ಲೇಡು ಹಾಕಿ ಮುಂದುವರಿಸಿದ್ದರೆ ಅದೂ ಹೋಗುತ್ತಿತ್ತು. ಸುತ್ತಲಿನ ಮರವನ್ನು ಮೊದಲು ಸೀಳಿ ತೆಗೆದು ಪಟ್ಟಿಯನ್ನು ಬಯಲು ಮಾಡಿದರು. ತುಕ್ಕು ಹಿಡಿದ ಸ್ಕ್ರೂ ಬಿಚ್ಚುವಂತಿರಲಿಲ್ಲ. ಲೋಹಕ್ಕೆಂದೇ ಇರುವ, ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಹಲ್ಲಿನ ಬ್ಲೇಡು ಹಾಕಿ, ವೇಗ ಅರ್ಧಕ್ಕೆ ಇಳಿಸಿ, ಹಗುರವಾಗಿ ಒತ್ತಿ ಪಟ್ಟಿಯನ್ನು ಗೋಡೆಯ ಮಟ್ಟಕ್ಕೆ ಕೊಯ್ದರು. ಉಳಿದ ತುದಿಗೆ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು. ಅದನ್ನು ಹಾಗೇ ಬಿಟ್ಟಿದ್ದರೆ ತುಕ್ಕು ಉಬ್ಬಿ ಗಾರೆಯನ್ನು ಒಡೆಯುತ್ತಿತ್ತು.

ಆಮೇಲೆ ಕೂಡಿಕೆ. ನೇರವಾಗಿ ಅಡ್ಡ ಕೊಯ್ದು ತುದಿಗೆ ತುದಿ ಇಟ್ಟರೆ ಅಂಟಿಗೆ ಬಲವಿಲ್ಲ, ಅಡ್ಡಬಾಯಿ ಅಂಟನ್ನು ಕುಡಿದುಬಿಡುತ್ತದೆ. ಕಾಲಿನ 4 ಇಂಚನ್ನು 2–2 ಇಂಚಾಗಿ ಪಾಲು ಮಾಡಿ, 4 ಇಂಚು ಉದ್ದದ ಅರ್ಧ-ಅರ್ಧ ಕೂಡಿಕೆ ಹಾಕಿದರು. ಬಚ್ಚಲಿನ ಬದಿಯಲ್ಲಿ ಹಳೆಯ ಮರ ಕೂಡಿಕೆಯ ಕೆಳತುದಿಯವರೆಗೆ ಇಳಿದು ಹೊಸದು ಅದರ ಹಿಂದೆ ಕೂರುತ್ತದೆ. ಆ ಬದಿಯ ಸಂದನ್ನು ಹೊರಮುಖಕ್ಕೆ ಇಳಿಜಾರಾಗಿ ಕೊಯ್ದರು, ಮೇಲಿಂದ ಇಳಿದ ನೀರು ಸಂದಿನೊಳಗೆ ಹೋಗದೆ ಜಾರಿಬಿಡಲಿ ಎಂದು. ಉದ್ದದ ಕೊಯ್ತಕ್ಕೆ ಮುಂದಿನಿಂದ ಕೈಗರಗಸ, ಗೋಡೆಯ ಮೂಲೆಗೆ ಮಲ್ಟಿ-ಟೂಲ್, ಮುಖ ಸಮ ಮಾಡಲು ಉಳಿ.

ಬುಡದ ಗುಳಿಯಲ್ಲಿ ಇನ್ನೂ ಒಂದೂವರೆ ಇಂಚು ಮರ ಉಳಿದಿತ್ತು. ಸುತ್ತಲಿನ ಗ್ರೌಟನ್ನು (ಟೈಲ್ಸಿನ ಸಂದು ತುಂಬಿದ ಗಾರೆ) ಹಲ್ಲಿನ ಬದಲು ಕಾರ್ಬೈಡ್ ಹರಳು ಅಂಟಿಸಿದ ಗ್ರಿಟ್ ಬ್ಲೇಡಿನಲ್ಲಿ ಒಂದು ಸೂತ, ಅಂದರೆ ಸುಮಾರು 3 ಮಿ.ಮೀ., ಅಗಲಕ್ಕೆ ಬಿಡಿಸಿದ್ದರಿಂದ ಟೈಲ್ಸಿಗೆ ಪೆಟ್ಟು ತಲುಪಲಿಲ್ಲ. (ಇನ್ನೂ ಗಟ್ಟಿಯಾದ ವಿಟ್ರಿಫೈಡ್ ಟೈಲ್ಸ್ ಆಗಿದ್ದರೆ ಡೈಮಂಡ್ ಗ್ರಿಟ್ ಬೇಕಾಗುತ್ತಿತ್ತು.) ಬ್ಲೇಡು ಆ ಆಳಕ್ಕೆ ಸರಿಯಾಗಿ ಹೋಗದು. 10 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಒತ್ತೊತ್ತಾಗಿ ತೂತು ಕೊರೆದು ಉಳಿಯಲ್ಲಿ ಎತ್ತಿದರು. ಗುಳಿಯ ತಳದಲ್ಲಿ ಬೆರಳಿಗೆ ನೀರು ಅಂಟಿತು, ಆ ದಿನ ಯಾರೂ ಸ್ನಾನ ಮಾಡಿರಲಿಲ್ಲ.

ಹಳೆಯ ಮರದ ಕೊಯ್ದ ಬಾಯಲ್ಲಿ ತೇವದ ಮೀಟರ್ ಶೇಕಡಾ 28 ತೋರಿಸಿತು. ಮತ್ತೆ ಕೊಳೆಯದಂತೆ ಬೊರ್ಯಾಕ್ಸ್ ಮತ್ತು ಬೋರಿಕ್ ಆ್ಯಸಿಡ್ಡನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದು, ಟೇಬಲ್ ಫ್ಯಾನ್ ತಿರುಗಿಸಿ ಬಿಟ್ಟರು. ಫೆಬ್ರವರಿಯ ಒಣ ಹವೆ ನೆರವಾಯಿತು. ಆರನೆಯ ದಿನ ಮೀಟರ್ 16ಕ್ಕೆ ಇಳಿಯಿತು. ಬಾಗಿಲಿಗೆ ಪರದೆ ಕಟ್ಟಿಕೊಂಡು ಮನೆಯವರು ಆ ದಿನಗಳನ್ನು ಸಾಗಿಸಿದರು. ಅಂಟು ಹಾಕುವ ಮುಂಚೆ ಮುಖದ ಮೇಲೆ ಬಿಳಿಯಾಗಿ ಕೂತಿದ್ದ ಉಪ್ಪನ್ನು ಉಳಿಯಲ್ಲಿ ಕೆರೆದು ತೆಗೆಯಬೇಕಾಯಿತು, ಇಲ್ಲದಿದ್ದರೆ ಎಪಾಕ್ಸಿ ಮರವನ್ನು ಹಿಡಿಯುವುದಿಲ್ಲ.

ಕಲ್ಲಿನ ಪಾದ

ಹೊಸ ಮರ ನೆಲದವರೆಗೆ ಇಳಿದರೆ ಅದೇ ಕಥೆ ಮತ್ತೆ ಶುರುವಾಗುತ್ತದೆ. ಆ ಕಾಯುವ ದಿನಗಳಲ್ಲೇ ಬಡಗಿ ಸೂಚಿಸಿದ್ದು, ಬುಡಕ್ಕೆ ಗ್ರಾನೈಟ್ ತುಂಡು ಇಟ್ಟು ಮರವನ್ನು ಅದರ ಮೇಲಿಂದ ಶುರು ಮಾಡುವುದು. ಮರದ ಕಾಲಿಗೆ ಕಲ್ಲಿನ ಪಾದ ಚಂದ ಕಾಣುತ್ತದೆಯೇ ಎಂಬ ಅನುಮಾನ ಮನೆಯವರಿಗೆ ಬಂತು. ತೊಟ್ಟಿಮನೆಯ ಕಂಬಗಳೆಲ್ಲ ಕಲ್ಲಿನ ಪೀಠದ ಮೇಲೆ ನಿಂತಿರುವುದು ಇದೇ ಕಾರಣಕ್ಕೆ ಎಂದಾಗ ಹಿರಿಯರೇ ಮೊದಲು ಒಪ್ಪಿದರು.

ಗ್ರಾನೈಟ್ ಅಂಗಡಿಯ ಉಳಿಕೆ ತುಂಡಿನಲ್ಲಿ 4 × 3 ಇಂಚಿನ, 4 ಇಂಚು ಎತ್ತರದ ಒಂದು ಕಲ್ಲನ್ನು ಬಾಗಿಲು ಕೂರುವ ಅರ್ಧ ಇಂಚಿನ ಕಚ್ಚಿನ ಸಮೇತ ಕೊಯ್ಯಿಸಿ, ಮೇಲ್ಮುಖದಲ್ಲಿ ಒಂದಿಂಚು ಆಳದ ತೂತು ಹಾಕಿಸಿದರು. ಟೈಲ್ಸ್ ಅಡ್ಹೆಸಿವಿನಲ್ಲಿ ಗುಳಿಯೊಳಗೆ ಕೂರಿಸಿದಾಗ ನೆಲದ ಮೇಲೆ ಎರಡೂವರೆ ಇಂಚು ಉಳಿಯಿತು. ಹೊಸ ಮರ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ತಂದ ಒಣಗಿದ ಹೊನ್ನೆ, ತೇವ 12. ಅದರ ಕೆಳಬಾಯಿಗೆ ಎಪಾಕ್ಸಿಯನ್ನು ಎರಡು ಸಲ ಕುಡಿಸಿ ಮುಚ್ಚಿದರು. ಕಲ್ಲಿಗೂ ಮರಕ್ಕೂ ನಡುವೆ 10 ಮಿ.ಮೀ. ದಪ್ಪದ, ಎರಡು ಇಂಚು ಉದ್ದದ ಒಂದು ಸ್ಟೇನ್‌ಲೆಸ್ ಸರಳು, ಅರ್ಧ ಕಲ್ಲಿನಲ್ಲಿ, ಅರ್ಧ ಮರದಲ್ಲಿ. ಸುತ್ತ 3 ಮಿ.ಮೀ. ಸಂದು ಮುಚ್ಚುವ ಪಾಲಿಯುರೆಥೇನ್ ಸೀಲಂಟ್.

ಅಂಟಿಗೆ ಐದು ನಿಮಿಷದ ಎಪಾಕ್ಸಿ ಬೇಡವೆಂದು ನಿಧಾನವಾಗಿ ಗಟ್ಟಿಯಾಗುವುದನ್ನೇ ಆರಿಸಿಕೊಂಡರು. ತುಂಡನ್ನು ಕಲ್ಲಿನ ಸರಳಿಗೆ ಇಳಿಸಿ, ಕೂಡಿಕೆಗೆ ಒತ್ತಿ, ಮಟ್ಟಗೋಲು ಇಟ್ಟು ನೋಡುವಷ್ಟರಲ್ಲಿ ಐದು ನಿಮಿಷ ಆಗಿಹೋಗಿರುತ್ತದೆ. ಗೋಡೆಯ ಮೂಲೆಯಲ್ಲಿ ಕ್ಲ್ಯಾಂಪ್ ಹಿಡಿಯದ ಕಾರಣ, ಎದುರು ಕಾಲಿನಿಂದ ರೀಪರ್ ಅಡ್ಡ ಕೊಟ್ಟು ಜೋಡಿ ಬೆಣೆ ಹೊಡೆದು ಬಿಗಿ ಮಾಡಿದರು. ಕೂಡಿಕೆಗೆ 3 ಇಂಚಿನ 8 ನಂಬರಿನ ಎರಡು ಸ್ಟೇನ್‌ಲೆಸ್ ಸ್ಕ್ರೂ, ಕೋಣೆಯ ಬದಿಯಿಂದ, ತಲೆಗೆ ನೀರು ತಾಗದಂತೆ. ಹೋದ ಹೋಲ್ಡ್‌ಫಾಸ್ಟಿನ ಬದಲಿಗೆ 10 ಮಿ.ಮೀ. ನೈಲಾನ್ ಫ್ರೇಮ್ ಫಿಕ್ಸಿಂಗ್ (ಚೌಕಟ್ಟನ್ನು ಗೋಡೆಗೆ ಬಿಗಿಯುವ ಉದ್ದನೆಯ ಪ್ಲಗ್ಗು-ಸ್ಕ್ರೂ) ಎರಡು, ಗಾರೆಯ ಸಂದಿಗಲ್ಲ, ಇಟ್ಟಿಗೆಯ ನಡುವಿಗೆ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಮರುದಿನ ಕೀಲಿನ ಕಚ್ಚು ತೆಗೆದು, ಹಳೆಯ ಒಂದೂಕಾಲು ಇಂಚಿನ ಸ್ಕ್ರೂ ಬಿಟ್ಟು 2 ಇಂಚಿನದು ಹಾಕಿದರು. ಬಾಗಿಲು ಎಲ್ಲೂ ತಾಗದೆ ಕೂತಿತು.

ಎಡಗಾಲು

ತಿರುವು ಬಂದದ್ದು ಇಲ್ಲಿ. ಎಡಗಾಲು ನಲ್ಲಿಯಿಂದ ದೂರ, ಕೊಳೆತದ್ದು ಬರೀ 3 ಇಂಚು. ನೀರು ಎರಚದ ಕಡೆ ಕಲ್ಲು ಯಾಕೆ ಎಂದು ಮನೆಯವರೂ ಬಡಗಿಯೂ ಸೇರಿ ತೀರ್ಮಾನಿಸಿದರು. ಆರು ಇಂಚಿಗೆ ಕೊಯ್ದರು. ಕೆಳಗೆ, ಟೈಲ್ಸಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬ್ಲೇಡನ್ನು ಮಲಗಿಸಿ ನೆಲಮಟ್ಟಕ್ಕೆ ಇನ್ನೊಂದು ಕೊಯ್ತ. ಗುಳಿಯಲ್ಲುಳಿದ ಮರಕ್ಕೆ ದಬ್ಬಳ ಇಳಿಯಲಿಲ್ಲವಾಗಿ ಅದನ್ನು ಬಿಟ್ಟರು, ಹೊಸ ಹೊನ್ನೆ ತುಂಡನ್ನು ಅದರ ಮೇಲೆಯೇ ನಿಲ್ಲಿಸಿದರು. ಅರ್ಧ ದಿನದ ಕೆಲಸ.

ಮಳೆಗಾಲ ಕಳೆದು ನವೆಂಬರಿನಲ್ಲಿ ನೋಡಿದಾಗ ಬಲಗಾಲಿನ ಮೀಟರ್ 14ರಲ್ಲಿತ್ತು, ಬಣ್ಣ ಹೊಸದರಂತೆ. ಎಡಗಾಲಿನ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಮೀಟರ್ 24. ನೀರು ಎರಚಿದ್ದರಿಂದ ಬಂದದ್ದಾಗಿದ್ದರೆ ಲೆಕ್ಕ ತಿರುಗಿರಬೇಕಿತ್ತು. ಟೈಲ್ಸಿನ ಸಂದುಗಳಿಂದ ಇಳಿದ ನೀರು ಕೆಳಗಿನ ಮರಳು-ಸಿಮೆಂಟಿನ ಹಾಸಿನಲ್ಲಿ ಹರಡಿ, ಎರಡೂ ಗುಳಿಗಳಿಗೆ ಒಂದೇ ಸಮನಾಗಿ ಬರುತ್ತಿತ್ತು. ಬಲಗಡೆ ಗುಳಿಯ ತಳದಲ್ಲಿ ಬೆರಳಿಗಂಟಿದ ನೀರು ಅದನ್ನೇ ಹೇಳಿತ್ತು, ಅದನ್ನು ಎಡಗಾಲಿಗೂ ಅನ್ವಯಿಸಿ ಯೋಚಿಸಲಿಲ್ಲ. ಕೊಳೆತದ ಎತ್ತರ ಎಷ್ಟು ಎಂಬುದರಿಂದ ಕೊಯ್ತ ಎಲ್ಲಿ ಎಂಬುದು ಗೊತ್ತಾಗುತ್ತದೆ. ಬುಡದಲ್ಲಿ ಏನಿಡಬೇಕು ಎಂಬುದಕ್ಕೆ ನೀರು ಬರುವ ದಾರಿಯನ್ನೇ ಹುಡುಕಬೇಕು.

ಎಡಗಾಲನ್ನು ಮತ್ತೆ ಬಿಚ್ಚಬೇಕಾಯಿತು, ಆದರೆ ಹಾನಿ ಸಣ್ಣದು. ಹೊಸ ತುಂಡಿನ ಮೇಲ್ಭಾಗ ಗಟ್ಟಿಯಾಗಿತ್ತು. ನೆಲದಿಂದ ಎರಡೂವರೆ ಇಂಚಿಗೆ ಅಡ್ಡ ಕೊಯ್ದು ಕೆಳಗಿನದನ್ನಷ್ಟೇ ತೆಗೆದರು, ಗುಳಿಯ ಹಳೆಯ ಮರವನ್ನು ಕೊರೆದು ಎತ್ತಿದರು. ಮೇಲ್ಮುಖ ಗಟ್ಟಿಯಿದ್ದ ಆ ಮರದ ತಳ ಪೂರ್ತಿ ಮೆತ್ತಗಾಗಿತ್ತು. ಗುಳಿ ಒಣಗಿದ ಮೇಲೆ ಬಲಗಡೆಯದೇ ಅಳತೆಯ ಕಲ್ಲು, ಎರಡೂವರೆ ಇಂಚಿನ ಸಂದಿನಲ್ಲಿ ಒಳಗೆ ಹೋಗುವಂತೆ ಎರಡು ತುಂಡಾಗಿ. ಮೇಲಿನಿಂದ ಮರ ಇಳಿಸುವಂತಿಲ್ಲದ ಕಾರಣ ಇಲ್ಲಿ ಸರಳನ್ನು ಮೊದಲೇ ನಿಲ್ಲಿಸಲಾಗಲಿಲ್ಲ. ಮೇಲಿನ ಕಲ್ಲಿನ ಒಂದು ಮುಖದಲ್ಲಿ ಸರಳು ಬದಿಯಿಂದ ಜಾರುವಂತೆ ಗಾಡಿ, ಅಂದರೆ ಉದ್ದನೆಯ ಕಚ್ಚು, ತೆಗೆಸಿ, ಕಲ್ಲನ್ನು ಒಳಗೆ ಸೇರಿಸಿ ಗಾಡಿಯನ್ನು ಎಪಾಕ್ಸಿಯಿಂದ ತುಂಬಿದರು. ಜೊತೆಗೆ ಬಚ್ಚಲಿನ ನೆಲದ ಗ್ರೌಟನ್ನೆಲ್ಲ ಅದೇ ಗ್ರಿಟ್ ಬ್ಲೇಡಿನಲ್ಲಿ ಕೆರೆದು ಎಪಾಕ್ಸಿ ಗ್ರೌಟ್ ತುಂಬಿದ್ದು ಈ ಸುತ್ತಿನ ದೊಡ್ಡ ಕೆಲಸ.

ಎರಡೂ ಸುತ್ತು ಸೇರಿ ಖರ್ಚಾದದ್ದು ಬೈ-ಮೆಟಲ್ ಬ್ಲೇಡು ಮೂರು, ಕಾರ್ಬೈಡ್ ಒಂದು, ಗ್ರಿಟ್ ಎರಡು. ಬ್ಲೇಡಿನ ಲೆಕ್ಕವನ್ನು ಮೊದಲೇ ಮನೆಯವರಿಗೆ ಬೇರೆಯಾಗಿ ಹೇಳಿಬಿಡುವುದು ಲೇಸು, ಇಲ್ಲದಿದ್ದರೆ ಬಡಗಿ ಮೊಂಡಾದದ್ದರಲ್ಲೇ ಎಳೆಯುತ್ತಾನೆ, ಮರ ಸುಡುತ್ತದೆ.

ಈ ಕ್ರಮ ಎಲ್ಲ ಚೌಕಟ್ಟಿಗೂ ಹೊಂದುವುದಿಲ್ಲ. ದಬ್ಬಳ ಚಿಲಕದ ಎತ್ತರದವರೆಗೂ ಇಳಿಯುತ್ತಿದ್ದರೆ, ನಡುವಿನ ಹೋಲ್ಡ್‌ಫಾಸ್ಟ್ ಕೂಡ ಸಡಿಲವಾಗಿದ್ದರೆ, ಅಥವಾ ಗೆದ್ದಲಿನ ಮಣ್ಣು ಗೋಡೆಯ ಕಡೆಯಿಂದ ಬಂದಿದ್ದರೆ ತುಂಡು ಹಾಕುವುದು ವ್ಯರ್ಥ. ಅಲ್ಲಿ ಚೌಕಟ್ಟು ಪೂರ್ತಿ ತೆಗೆಯಬೇಕು. ಬುಡದ ಒಂದೂವರೆ ಅಡಿಯೊಳಗೆ ನಿಂತ ಕೊಳೆತಕ್ಕೆ, ಮೇಲಿನ ಎರಡು ಹೋಲ್ಡ್‌ಫಾಸ್ಟ್ ಬಿಗಿಯಾಗಿರುವ ಕಾಲಿಗೆ, ಒಂದು ವಾರ ಬಾಗಿಲಿಲ್ಲದೆ ಇರಲು ಒಪ್ಪುವ ಮನೆಗೆ ಮಾತ್ರ ಇದನ್ನು ಹೇಳಬಹುದು.